ಎರಡನೇ ಕ್ಲಾರಿನೆಟ್ಟಿನ ಹಾಳೆ

ಅಪ್ಸರಕೊಂಡದ ಗುಡ್ಡದ ಮೇಲೆ ಸಂಜೆ ಗಾಳಿ ಎದ್ದಿತೆಂದರೆ ಸ್ಟ್ಯಾಂಡಿನ ಮೇಲೆ ಹಾಳೆ ನಿಲ್ಲುವುದಿಲ್ಲ. ಕೆಳಗೆ ಕಾಸರಕೋಡಿನ ಕಡಲು, ಬೆನ್ನ ಹಿಂದೆ ಅಪ್ಸರೆಯರು ಮಿಂದರೆಂದು ಊರು ನಂಬಿದ ಕೊಂಡಕ್ಕೆ ನೀರು ಬೀಳುವ ಸದ್ದು. ನಡುವೆ ನಮ್ಮ ಹದಿನಾಲ್ಕು ಮಕ್ಕಳು ಅರ್ಧಚಂದ್ರದಂತೆ ಕೂತಿದ್ದರು. ಒಂದು ಕೊಳಲು, ನಾಲ್ಕು ಕ್ಲಾರಿನೆಟ್, ಎರಡು ಆಲ್ಟೋ ಸ್ಯಾಕ್ಸೋಫೋನ್, ಮೂರು ಟ್ರಂಪೆಟ್, ಒಂದು ಟ್ರಾಂಬೋನ್, ಒಂದು ಯುಫೋನಿಯಂ, ಎರಡು ಡ್ರಮ್. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹಾಳೆ ಸಿಕ್ಕಿಸಿಕೊಂಡು ಗಣರಾಜ್ಯೋತ್ಸವಕ್ಕೆ ಅಭ್ಯಾಸ ಮಾಡುತ್ತಿದ್ದೆವು. ನುಡಿಸುವುದು ಮುಗಿದ ಮೇಲೆ ಎರಡನೇ ಕ್ಲಾರಿನೆಟ್ಟಿನ ಹುಡುಗಿ ನನ್ನ ಹತ್ತಿರ ಬಂದಳು. ಹಾಡಿನ ಅರ್ಧದಲ್ಲೇ ಅವಳ ಹಾಳೆ ಹಾರಿ ಗೇರುಗಿಡದ ಕಡೆ ಹೋಗಿತ್ತಂತೆ. ಉಳಿದರ್ಧ ಅವಳು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. "ಆದರೂ ಏನೂ ತೊಂದರೆ ಆಗಲಿಲ್ಲ ಸರ್" ಅಂದಳು.

ನನ್ನನ್ನು ಸಮಾಧಾನ ಮಾಡಲೆಂದೇ ಅವಳು ಹಾಗೆ ಹೇಳಿದ್ದು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎದುರಿಗೇ ನಿಂತು ಕೈ ಬೀಸುತ್ತಿದ್ದ ನನಗೂ ಅವಳು ನುಡಿಸುತ್ತಿಲ್ಲವೆಂಬುದು ಕೇಳಿಸಿರಲಿಲ್ಲ. ಅವಳ ಹಾಳೆ ತೆಗೆದು ನೋಡಿದೆ. ಮೂರು ನಿಮಿಷದುದ್ದಕ್ಕೂ ಒಂದೇ ಕೆಲಸ: ತಾಳದ ಪೆಟ್ಟು ಬಿದ್ದ ಮೇಲೆ ಎಡೆಯಲ್ಲಿ ಒಂದು ಚಿಕ್ಕ 'ಪ', ಮತ್ತೆ ಪೆಟ್ಟು, ಮತ್ತೊಂದು 'ಪ'. ಹಾಡು ಯಾವುದೆಂದು ಆ ಹಾಳೆ ನೋಡಿ ಯಾರೂ ಹೇಳಲಾರರು. ಇಂಥ ಹಾಳೆಯನ್ನು ಒಂದು ಮಗುವಿನ ಕೈಗೆ ಕೊಟ್ಟು ಮೂರು ತಿಂಗಳು ಅಭ್ಯಾಸ ಮಾಡಿಸಿದವನು ನಾನೇ. ಆ ಸೆಟ್ಟನ್ನು ಆರಿಸಿದವನೂ ನಾನೇ.

ಬ್ಯಾಂಡಿಗೆ ಹಾಡು ಆರಿಸುವುದೆಂದರೆ ಜನ ಮೆಚ್ಚುವ ಹಾಡು ಹುಡುಕುವುದು ಎಂದು ನಾನೂ ಬಹುಕಾಲ ತಿಳಿದಿದ್ದೆ. ಜಾನ್ ಫಿಲಿಪ್ ಸೂಸಾ 1896ರಲ್ಲಿ ಬರೆದ 'ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ಫಾರೆವರ್' ಎಂಬ ಮಾರ್ಚನ್ನು ತರಿಸಿದ್ದು ಆ ಲೆಕ್ಕದಲ್ಲೇ. ಜಗತ್ತಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾರ್ಚುಗಳಲ್ಲಿ ಅದೂ ಒಂದು. ಆದರೆ ಅದರ ಜೀವ ಇರುವುದು ಎರಡು ಕಡೆ. ಒಂದು, ಕೊನೆಯ ಭಾಗದಲ್ಲಿ ಪಿಕೊಲೊ ಎಂಬ ಪುಟ್ಟ ಕೊಳಲು ಹಕ್ಕಿಯಂತೆ ಮೇಲೆ ಸುಳಿಯುವಲ್ಲಿ. ಎರಡು, ಅದಕ್ಕೂ ಮೊದಲು ಟ್ರಾಂಬೋನುಗಳ ಸಾಲು ಸಾಲೇ ಎದ್ದು ಗುಡುಗುವಲ್ಲಿ. ನಮ್ಮಲ್ಲಿ ಪಿಕೊಲೊ ಇರಲಿಲ್ಲ. ಟ್ರಾಂಬೋನ್ ಹಿಡಿದವನು ಒಬ್ಬನೇ, ಎಂಟನೇ ತರಗತಿಯ ಹುಡುಗ, ತೋಳು ಚಾಚಿದರೂ ಸರಳಿನ ಕೊನೆ ಎಟುಕದವನು. ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡು ನಡುವೆಯೇ ಕುಸಿದು ನಿಂತಿತು. ಮಕ್ಕಳ ಮುಖ ಇಂದಿಗೂ ಕಣ್ಣ ಮುಂದಿದೆ. ತಪ್ಪು ಅವರದ್ದಾಗಿರಲಿಲ್ಲ.

ಒಂದು 'ಸೆಟ್' ಅಂದರೆ ಏನು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಬ್ಯಾಂಡಿನ ಸಂಗೀತ ಒಂದು ಪುಸ್ತಕವಾಗಿ ಬರುವುದಿಲ್ಲ. ಎಲ್ಲ ವಾದ್ಯಗಳ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿದ ದೊಡ್ಡ ಹಾಳೆ ಸ್ಕೋರು, ಅದು ನಡೆಸುವವನದು. ನುಡಿಸುವವರಿಗೆ ಅವರವರ ಸಾಲು ಮಾತ್ರ ಇರುವ ಬಿಡಿ ಹಾಳೆಗಳು, ಅವೇ ಪಾರ್ಟುಗಳು. ಒಂದನೇ ಕ್ಲಾರಿನೆಟ್ ಬೇರೆ, ಎರಡನೆಯದು ಬೇರೆ, ಮೂರನೆಯದು ಬೇರೆ. ಅಂಗಡಿಯಲ್ಲಿ ಸಿಗುವ ಸೆಟ್ಟಿನ ಮೇಲೆ 1ರಿಂದ 5 ಅಥವಾ 6ರವರೆಗೆ ದರ್ಜೆ ಬರೆದಿರುತ್ತಾರೆ. ಆ ಅಂಕಿಯನ್ನು ನಂಬಿ ಕೊಳ್ಳುವುದು ಸುಲಭ, ಆದರೆ ಅದು ಇಡೀ ಹಾಡಿನ ಸರಾಸರಿ ಕಷ್ಟವನ್ನು ಹೇಳುತ್ತದೆಯೇ ಹೊರತು ನಿಮ್ಮ ಒಬ್ಬನೇ ಟ್ರಾಂಬೋನ್ ಹುಡುಗನ ಕಷ್ಟವನ್ನಲ್ಲ. ಹಾಗಾಗಿ ಈಗ ನಾನು ಸ್ಕೋರು ಕೈಗೆ ಬಂದ ಕೂಡಲೇ ಮೇಲಿನ ಸಾಲು ನೋಡುವುದಿಲ್ಲ. ಅಲ್ಲಿ ಕೊಳಲು, ಒಂದನೇ ಕ್ಲಾರಿನೆಟ್ಟುಗಳಿಗೆ ಹೇಗೂ ಒಳ್ಳೆಯದನ್ನೇ ಬರೆದಿರುತ್ತಾರೆ. ಒಳಗಿನ ಸಾಲುಗಳನ್ನು, ಎರಡನೆಯವರದು, ಮೂರನೆಯವರದು, ಒಂದೊಂದಾಗಿ ಬಾಯಲ್ಲಿ ಹಾಡಿಕೊಳ್ಳುತ್ತೇನೆ. ಹಾಡಿದಾಗ ಅದಕ್ಕೊಂದು ರೂಪ ಇದೆಯೋ, ಹದಿನಾರು ಮಾತ್ರೆಗೊಮ್ಮೆಯಾದರೂ ಕೇಳುವಂಥದ್ದು ಬರುತ್ತದೆಯೋ ನೋಡುತ್ತೇನೆ. ಬಾರದಿದ್ದರೆ ಆ ಸೆಟ್ ವಾಪಸ್ಸು.

ಎಣಿಕೆ ಅದಕ್ಕೂ ಮೊದಲು. ಹಾರ್ನ್ ಇಲ್ಲದ ತಂಡಕ್ಕೆ ನಾಲ್ಕು ಹಾರ್ನುಗಳ ಮೇಲೆ ನಿಂತ ಹಾಡು ತಂದರೆ ಗೋಡೆಯಿಲ್ಲದ ಮನೆಗೆ ಮಾಡು ಹೊದಿಸಿದಂತೆ. ಒಳ್ಳೆಯ ಬರಹಗಾರರು ಇದನ್ನು ಮೊದಲೇ ಊಹಿಸಿ, ಇಲ್ಲದ ವಾದ್ಯದ ಸಾಲನ್ನು ಇರುವ ವಾದ್ಯದ ಹಾಳೆಯಲ್ಲಿ ಸಣ್ಣ ಅಕ್ಷರದ ಸ್ವರಗಳಾಗಿ ಬರೆದಿಡುತ್ತಾರೆ. ಅದಕ್ಕೆ ಕ್ಯೂ ಎನ್ನುತ್ತಾರೆ. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ 1909ರಲ್ಲಿ ಮಿಲಿಟರಿ ಬ್ಯಾಂಡಿಗೆ ತಮ್ಮ ಮೊದಲನೇ ಸೂಟ್, ಅಂದರೆ ಹಲವು ಭಾಗಗಳ ಕೃತಿ, ಬರೆದಾಗ ಹಲವು ವಾದ್ಯಗಳ ಮುಂದೆ 'ಇದ್ದರೆ ಆಯಿತು, ಇಲ್ಲದಿದ್ದರೂ ನಡೆಯುತ್ತದೆ' ಎಂಬರ್ಥದ ಗುರುತು ಹಾಕಿದರು. ಅವರು ಸ್ವತಃ ಟ್ರಾಂಬೋನ್ ನುಡಿಸಿ ಹೊಟ್ಟೆ ಹೊರೆದವರು. ಊರೂರಿನ ಬ್ಯಾಂಡಿನಲ್ಲಿ ಯಾವತ್ತೂ ಯಾರೋ ಒಬ್ಬರು ಕಡಿಮೆ ಇರುತ್ತಾರೆಂದು ಬಲ್ಲವರು. ಆ ಸೂಟಿನ ಮೊದಲ ಭಾಗ ಎಂಟು ಆವರ್ತದ ಒಂದು ಧಾಟಿಯಿಂದ ಶುರುವಾಗುತ್ತದೆ. ಅದನ್ನು ಮೊದಲು ಎತ್ತಿಕೊಳ್ಳುವುದು ಟ್ಯೂಬಾ, ಯುಫೋನಿಯಂನಂಥ ತಳದ ವಾದ್ಯಗಳು. ಆಮೇಲೆ ಅದೇ ಧಾಟಿ ಕೈಯಿಂದ ಕೈಗೆ ತಂಡವಿಡೀ ಸುತ್ತುತ್ತದೆ. ನೂರು ವರ್ಷ ಕಳೆದರೂ ಬ್ಯಾಂಡಿನವರು ಅದನ್ನು ಎದೆಗೆ ಹಚ್ಚಿಕೊಂಡಿರುವುದು ಸುಮ್ಮನೆ ಅಲ್ಲ.

ಇನ್ನು ಶ್ರುತಿಯ ಮಾತು. ಹೊಸಬರು ಎಡವುವುದೇ ಇಲ್ಲಿ. ಯಕ್ಷಗಾನದ ಚೌಕಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಲೆಕ್ಕ ಕೇಳಿದವರಿಗೆ ಇದು ಬೇಗ ತಿಳಿಯುತ್ತದೆ. ಭಾಗವತರ ಶ್ರುತಿ ಬಿಳಿ 1, ಕಪ್ಪು 1, ಕಪ್ಪು 2 ಎಂದು ಹೇಳುತ್ತೇವಲ್ಲ, ಬ್ಯಾಂಡಿನ ವಾದ್ಯಗಳಿಗೂ ಹಾಗೇ ಹುಟ್ಟುಶ್ರುತಿ ಇದೆ. ಕೊಳಲಿಗೆ ಬಿಳಿ 1. ಕ್ಲಾರಿನೆಟ್ ಮತ್ತು ಟ್ರಂಪೆಟ್ಟಿಗೆ ಕಪ್ಪು 5. ಆಲ್ಟೋ ಸ್ಯಾಕ್ಸೋಫೋನಿಗೆ ಕಪ್ಪು 2. ಹಾರ್ನಿಗೆ ಬಿಳಿ 4. ಹಾಳೆಯಲ್ಲಿ 'ಸಿ' ಎಂದು ಬರೆದ ಸ್ವರವನ್ನು ಎಲ್ಲರೂ ಒಟ್ಟಿಗೆ ಊದಿದರೆ ನಾಲ್ಕು ಬೇರೆ ಬೇರೆ ಸ್ವರ ಹೊರಡುತ್ತವೆ. ಅದಕ್ಕಾಗಿಯೇ ಪ್ರತಿ ವಾದ್ಯದ ಹಾಳೆಯನ್ನು ಅದರದರ ಸ್ಥಾನಕ್ಕೆ ಬದಲಿಸಿ ಬರೆದಿರುತ್ತಾರೆ. ಕೊಳಲಿನ ಹಾಳೆಯನ್ನು ಜೆರಾಕ್ಸ್ ಮಾಡಿ ಸ್ಯಾಕ್ಸೋಫೋನಿನವನಿಗೆ ಕೊಟ್ಟರೆ ಆಗುವ ಅನಾಹುತವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಡೀ ಹಾಡನ್ನು ಕಪ್ಪು 5ರ ಶ್ರುತಿಗೆ ಇಟ್ಟರೆ ಕ್ಲಾರಿನೆಟ್, ಟ್ರಂಪೆಟ್ಟಿನವರ ಹಾಳೆಯಲ್ಲಿ ಶಾರ್ಪು, ಫ್ಲ್ಯಾಟು ಏನೂ ಇರುವುದಿಲ್ಲ. ಸ್ಯಾಕ್ಸೋಫೋನಿಗೆ ಒಂದೇ ಶಾರ್ಪು, ಕೊಳಲಿಗೆ ಎರಡು ಫ್ಲ್ಯಾಟು. ಆರಂಭದ ಮಕ್ಕಳಿಗೆ ಇದಕ್ಕಿಂತ ಸಲೀಸಾದ ನೆಲೆ ಇನ್ನೊಂದಿಲ್ಲ. ಶಾಲಾ ಬ್ಯಾಂಡಿನ ಸೆಟ್ಟುಗಳಲ್ಲಿ ಆ ಶ್ರುತಿ ಮತ್ತೆ ಮತ್ತೆ ಕಾಣುವುದು ಈ ಕಾರಣಕ್ಕೆ. ಗಾಯಕನ ಕಂಠಕ್ಕೆಂದು ಹಾಡನ್ನು ಬಿಳಿ 3ಕ್ಕೆ ಏರಿಸಿದಿರೋ, ಸ್ಯಾಕ್ಸೋಫೋನಿನ ಮಗು ಆರೇಳು ಶಾರ್ಪುಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ.

ಬರೀ ಹಿತ್ತಾಳೆ ವಾದ್ಯಗಳ ಬ್ರಾಸ್ ಬ್ಯಾಂಡ್ ಬೇರೆಯೇ ಕುಲ. ಅದು ಬೆಳೆದದ್ದು ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿಗಳ ಊರಿನಲ್ಲಿ, ಹತ್ತೊಂಬತ್ತನೇ ಶತಮಾನದಲ್ಲಿ, ದಿನವಿಡೀ ದುಡಿದು ಸಂಜೆ ಕಾರ್ನೆಟ್ ಹಿಡಿಯುತ್ತಿದ್ದ ಕೂಲಿಗಳ ನಡುವೆ. ಯಾರ್ಕ್‌ಶೈರಿನ ಬ್ಲ್ಯಾಕ್ ಡೈಕ್ ಬ್ಯಾಂಡ್ 1855ರಿಂದ ಇಂದಿನವರೆಗೂ ನಡೆದು ಬಂದಿದೆ. ಅವರ ಹಾಳೆಯಲ್ಲಿ ಒಂದು ಜಾಣತನವಿದೆ. ಬೇಸ್ ಟ್ರಾಂಬೋನ್ ಒಂದನ್ನು ಬಿಟ್ಟು ಊದುವ ಎಲ್ಲ ವಾದ್ಯಗಳಿಗೂ, ಆಳುದ್ದದ ಬೇಸ್ ವಾದ್ಯಕ್ಕೂ, ಒಂದೇ ಬಗೆಯ ಟ್ರೆಬಲ್ ಗುರುತಿನಲ್ಲಿ ಬರೆಯುತ್ತಾರೆ. ಹೀಗಾಗಿ ಕಂಡ ಸ್ವರಕ್ಕೆ ಒತ್ತುವ ಬೆರಳು ಎಲ್ಲ ಕಡೆಯೂ ಒಂದೇ. ಬೇಸ್ ನುಡಿಸುವವನು ಕಾಯಿಲೆ ಬಿದ್ದರೆ ಹಾರ್ನಿನವನು ಅವನ ಜಾಗದಲ್ಲಿ ಕೂತು ಅದೇ ಸಂಜೆ ನುಡಿಸಬಹುದು. ಸಂಗೀತ ಶಾಲೆಯ ಮೆಟ್ಟಿಲು ಹತ್ತಲಾಗದವರಿಗಾಗಿ ಕಂಡುಕೊಂಡ ಉಪಾಯ ಇದು. ನಮ್ಮ ಹಳ್ಳಿಗಾಡಿನ ಶಾಲೆಗಳಿಗೆ ಕೊಳಲು, ಕ್ಲಾರಿನೆಟ್ಟುಗಳೂ ಸೇರಿದ ಕಾನ್ಸರ್ಟ್ ಬ್ಯಾಂಡಿಗಿಂತ ಈ ಪದ್ಧತಿ ಹೆಚ್ಚು ಹೊಂದುತ್ತದೆ ಎಂದು ನನ್ನ ಅನಿಸಿಕೆ. ವರ್ಷ ವರ್ಷ ಹತ್ತನೇ ತರಗತಿ ಮುಗಿಸಿ ಮಕ್ಕಳು ಹೊರಡುತ್ತಾರೆ, ತಂಡ ಪ್ರತಿ ಜೂನಿನಲ್ಲಿ ಹೊಸದಾಗಿ ಹುಟ್ಟುತ್ತದೆ.

ತುಟಿಯ ಲೆಕ್ಕವನ್ನೂ ಮರೆಯುವಂತಿಲ್ಲ. ಟ್ರಂಪೆಟ್ ಊದುವುದು ಶ್ವಾಸಕೋಶದಷ್ಟೇ ತುಟಿಯ ಕೆಲಸ. ಐದು ಗೆರೆಗಳ ಮೇಲಕ್ಕೆ ಹತ್ತಿದ ಸ್ವರವನ್ನು ಎರಡು ನಿಮಿಷ ಹಿಡಿದ ಮಗುವಿನ ತುಟಿ ಸೋತು ಮೂರನೇ ನಿಮಿಷದಲ್ಲಿ ಬರೀ ಗಾಳಿ ಬರುತ್ತದೆ. ಆದ್ದರಿಂದ ಹಾಳೆಯಲ್ಲಿ ಸ್ವರಗಳನ್ನು ನೋಡಿದಷ್ಟೇ ಆಸ್ಥೆಯಿಂದ ವಿರಾಮಗಳನ್ನೂ ಎಣಿಸಬೇಕು.

ಮತ್ತೆ ನಮ್ಮ ಮಳೆ. ಹೊನ್ನಾವರ, ಕುಮಟಾ, ಭಟ್ಕಳದ ಶಾಲೆಗಳ ಬ್ಯಾಂಡಿಗೆ ವರ್ಷದ ಮೊದಲ ಪರೀಕ್ಷೆ ಆಗಸ್ಟ್ 15, ನಟ್ಟನಡು ಮಳೆಗಾಲ. ಕ್ಲಾರಿನೆಟ್ಟಿನ ಪ್ಯಾಡುಗಳು ತೇವಕ್ಕೆ ಉಬ್ಬಿ ಕುಳಿ ಸರಿಯಾಗಿ ಮುಚ್ಚುವುದಿಲ್ಲ, ಕಡಲ ಗಾಳಿಯ ಉಪ್ಪಿಗೆ ಹಿತ್ತಾಳೆ ಹಸಿರುಗಟ್ಟುತ್ತದೆ, ಹಾಳೆ ಒಂದಕ್ಕೊಂದು ಅಂಟಿ ಎಳೆದರೆ ಹರಿಯುತ್ತದೆ. ಆ ದಿನಕ್ಕೆ ಹಾಳೆ ನೋಡದೆ ಬಾಯಿಪಾಠವಾಗಿ ನುಡಿಸಬಲ್ಲ ಎರಡು ಚಿಕ್ಕ ಹಾಡು ಮತ್ತು ರಾಷ್ಟ್ರಗೀತೆ ಸಾಕು. ರಾಷ್ಟ್ರಗೀತೆಗೆ 52 ಸೆಕೆಂಡಿನ ಕಟ್ಟಳೆ ಇದೆ. ಆ ವೇಗವನ್ನು ಮೈಗೂಡಿಸಿಕೊಳ್ಳುವುದೇ ಜೂನ್, ಜುಲೈ ಎರಡು ತಿಂಗಳ ಪಾಠ. ದೊಡ್ಡ ಹಾಡು, ಕೂತು ಕೇಳುವ ಹಾಡು ಏನಿದ್ದರೂ ನವೆಂಬರ್ ನಂತರ, ಗಾಳಿ ಒಣಗಿದ ಮೇಲೆ.

ಆದರೆ ಇಷ್ಟೆಲ್ಲ ನೋಡಿ ಆರಿಸಿದರೂ ಒಂದು ಕೊರಗು ಉಳಿಯುತ್ತಿತ್ತು. ಸಿಗುವ ಹಾಳೆಗಳೆಲ್ಲ ಬೇರೆ ಊರಿನ ಹಾಡು. ಅಪ್ಸರಕೊಂಡದಿಂದ ಗುಡ್ಡ ಇಳಿದು ಹೋದರೆ ಸಿಗುವ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಕುಣಿಯುತ್ತಿದೆ. ದೇವಸ್ಥಾನಗಳಲ್ಲಿ ಪಂಚವಾದ್ಯ, ಸುಗ್ಗಿಗೆ ಹಾಲಕ್ಕಿಗಳ ಗುಮಟೆ, ಚಂದಾವರದ ಪೇಸ್ತಿಗೆ ಕೊಂಕಣಿ ಹಾಡು. ಎಲ್ಲಿ ಕಿವಿಗೊಟ್ಟರೂ ಇಲ್ಲಿ ಹಾಡಿದೆ. ಹಾಡಿದೆ, ಹಾಳೆಯಿಲ್ಲ.

ಕನ್ನಡ ನಾಡಿನಲ್ಲಿ ಈ ಕೊರತೆಯನ್ನು ಮೊದಲು ಗಂಭೀರವಾಗಿ ಎಣಿಸಿದ್ದು ಮೈಸೂರು ಅರಮನೆ. ಅಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಹಲವು ವಾದ್ಯಗಳನ್ನು ತಾವೇ ನುಡಿಸುತ್ತಿದ್ದವರು. ಅವರು ಪಾಶ್ಚಾತ್ಯ ವಾದ್ಯವೃಂದಕ್ಕೆ ಜರ್ಮನಿಯ ಆಟೋ ಶ್ಮಿಟ್ ಅವರನ್ನು ಕರೆಸಿಕೊಂಡರು, ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ವೀಣೆ ವೆಂಕಟಗಿರಿಯಪ್ಪನವರು ಒಡೆಯರ ಪ್ರೇರಣೆಯಿಂದ 'ನಗ್ಮಾ' ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ಮಾಡಿದರು. ಹೊರಗಿನ ಧಾಟಿಯ ಓಟವನ್ನು ನಮ್ಮ ರಾಗಕ್ಕೆ ಕೂಡಿಸಿದ ರಚನೆಗಳು ಅವು. ಇದ್ದ ಹಾಡಿಗೆ ವಾದ್ಯ ಹುಡುಕದೆ, ಇದ್ದ ವಾದ್ಯಕ್ಕೆ ಹಾಡು ಕಟ್ಟಿದ ಆ ನಡೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಜಯಚಾಮರಾಜ ಒಡೆಯರ ಸಂಗೀತ ಪ್ರೀತಿ ಇನ್ನೂ ದೂರ ಹಬ್ಬಿತು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದದ್ದು ಮೈಸೂರಿನ ಹಣದ ಬೆಂಬಲದಿಂದ. ಅರಮನೆಯ ಬ್ಯಾಂಡುಗಳು ಮುಂದೆ ಪೊಲೀಸ್ ಇಲಾಖೆಗೆ ಸೇರಿದವು. ದಸರೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಕರ್ನಾಟಕ ವಾದ್ಯವೃಂದವೂ ನುಡಿಸುವುದನ್ನು ಈಗಲೂ ಕೇಳಬಹುದು.

ಅದಕ್ಕೂ ಹಿಂದಿನದೊಂದು ಕಥೆ ಇದರ ತಿರುವುಮುರುವು. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷ್ ಬ್ಯಾಂಡುಗಳು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತ ಸಾಹಿತ್ಯ ಹೊಸೆದರು. ನೊಟ್ಟುಸ್ವರ ಎಂದು ಅವುಗಳ ಹೆಸರು. ಚಿಕ್ಕ ಮಕ್ಕಳ ಸಂಗೀತಪಾಠದಲ್ಲಿ ಇಂದಿಗೂ ಬರುವ 'ಶಕ್ತಿ ಸಹಿತ ಗಣಪತಿಂ' ಅವುಗಳಲ್ಲೊಂದು. ಎಲ್ಲವೂ ಶಂಕರಾಭರಣದ ನೇರ ಸ್ವರಗಳಲ್ಲಿವೆ. ಮದರಾಸಿನ ಚಿನ್ನಸ್ವಾಮಿ ಮೊದಲಿಯಾರರು 1893ರಲ್ಲಿ ಇಂಥ ಹಲವನ್ನು ಪಾಶ್ಚಾತ್ಯ ಲಿಪಿಯಲ್ಲೇ ಅಚ್ಚು ಹಾಕಿಸಿದರು. ನಮ್ಮ ಆರಂಭದ ಮಕ್ಕಳಿಗೆ ನಾನು ಈಗ ಕೊಡುವ ಮೊದಲ ಹಾಡು ಈ ನೊಟ್ಟುಸ್ವರಗಳೇ. ಬ್ಯಾಂಡಿನಿಂದ ಹೊರಟು ಕೃತಿಯಾಗಿ, ಇನ್ನೂರು ವರ್ಷ ಕಂಠದಿಂದ ಕಂಠಕ್ಕೆ ದಾಟಿ, ಮತ್ತೆ ಬ್ಯಾಂಡಿಗೇ ಮರಳುವ ಹಾಡುಗಳು.

ಕರಾವಳಿಗೂ ಅರಮನೆಯ ಬ್ಯಾಂಡಿಗೂ ನಡುವೆ ಒಂದು ಎಳೆ ಇದೆ. ಬಂಟ್ವಾಳದ ಸಜಿಪ ಮೂಡದಲ್ಲಿ ನಾಗಸ್ವರ ವಾದಕರ ಮಗನಾಗಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದರ ನಾದ ಕೇಳಿ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ, ಮಿಲಿಟರಿ ಬ್ಯಾಂಡುಗಳಲ್ಲೇ ಬೆಳೆದ ವಾದ್ಯ ಅದು. ಗೋಪಾಲನಾಥರ ಕೈಯಲ್ಲಿ ಅದು ಕರ್ನಾಟಕ ಸಂಗೀತದ ವಾದ್ಯವಾಯಿತು, 1994ರಲ್ಲಿ ಬಿಬಿಸಿಯ ಪ್ರಾಮ್ಸ್ ವೇದಿಕೆ ಏರಿತು, ಮಂಗಳೂರಿನಿಂದ ಕಾರವಾರದವರೆಗೆ ಮದುವೆ ಮಂಟಪಗಳನ್ನು ತುಂಬಿತು. ಶಿವರಾಮ ಕಾರಂತರು ಯಕ್ಷರಂಗದಲ್ಲಿ ಸ್ಯಾಕ್ಸೋಫೋನ್ ಮತ್ತು ಪಿಟೀಲು ತಂದು ಕೂರಿಸಿದಾಗ ಮೂಗು ಮುರಿದವರು ಅನೇಕರು. ಭಾಗವತರ ದನಿಯ ಏರಿಳಿತವನ್ನು ಆ ವಾದ್ಯ ನೆರಳಿನಂತೆ ಹಿಂಬಾಲಿಸಬಲ್ಲದು ಎಂಬುದನ್ನು ಕಾರಂತರ ಕಿವಿ ಹಿಡಿದಿತ್ತು. ನನಗೆ ಅವರದ್ದೇ ಸರಿ ಎನಿಸುತ್ತದೆ.

ಏಕೆಂದರೆ ನಮ್ಮ ಹಾಡನ್ನು ಬ್ಯಾಂಡಿಗೆ ತರುವಾಗ ಎದುರಾಗುವ ಮೊದಲ ಗೋಡೆ ಗಮಕ. ಟ್ರಂಪೆಟ್ಟಿನ ಮೂರು ಒತ್ತುಗುಂಡಿಗಳು ಸ್ವರವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತವೆ. ಮೆಟ್ಟಿಲುಗಳ ನಡುವಿನ ಇಳಿಜಾರು ಅದಕ್ಕೆ ಕಷ್ಟ. ಹಾಗಾಗಿ ತೋಡಿ, ಆನಂದಭೈರವಿಯಂಥ ರಾಗಗಳನ್ನು ಹಿತ್ತಾಳೆಯ ಸಾಲಿಗೆ ಕೊಟ್ಟರೆ ಮೂಳೆ ಮಾತ್ರ ಕಾಣುತ್ತದೆ. ಮೋಹನ, ಹಂಸಧ್ವನಿ, ಶಂಕರಾಭರಣ, ಕದನಕುತೂಹಲ ನಿಲ್ಲುತ್ತವೆ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಕದನಕುತೂಹಲದ ಕೃತಿ 'ರಘುವಂಶ ಸುಧಾ' ಬ್ಯಾಂಡಿಗೆಂದೇ ಬರೆದಂತಿದೆ. ಸ್ವರಗಳು ನೆಗೆಯುತ್ತವೆ, ಜಾರುವುದಿಲ್ಲ. ಗಮಕ ಬಿಡಲಾಗದ ಸಾಲಿದ್ದರೆ ಅದನ್ನು ಸ್ಯಾಕ್ಸೋಫೋನಿಗೆ ಬರೆಯಬೇಕು, ಇಲ್ಲವೇ ಸರಳು ಜಾರಿಸುವ ಟ್ರಾಂಬೋನಿಗೆ.

ಎರಡನೇ ಗೋಡೆ ತಾಳ. ನಡೆಯುವ ಬ್ಯಾಂಡಿಗೆ ಏಕತಾಳದ ಪದ್ಯ ಒಪ್ಪುತ್ತದೆ. ತ್ರಿವುಡೆಯ ಏಳು ಅಕ್ಷರ ಎರಡು ಕಾಲಿಗೆ ಸಮನಾಗಿ ಹಂಚಿಕೆಯಾಗದು. ಒಂದು ಆವರ್ತ ಬಲಗಾಲಿಗೆ ಬಿದ್ದರೆ ಮುಂದಿನದು ಎಡಗಾಲಿಗೆ. ಕೂತು ನುಡಿಸುವ ತಂಡಕ್ಕೆ ಮಾತ್ರ ಅದೇ ತ್ರಿವುಡೆ ಹಬ್ಬ. ನಮ್ಮ ಡ್ರಮ್ಮಿನ ಹುಡುಗರು ಚಂಡೆ ಕೇಳುತ್ತಲೇ ಬೆಳೆದವರು, ಏಳನ್ನು ಎಣಿಸುವುದಿಲ್ಲ, ಹಾಗೇ ನುಡಿಸುತ್ತಾರೆ. ಬೇರೆ ಊರಿನ ಬ್ಯಾಂಡ್ ಮಾಸ್ಟರು ಆರು ತಿಂಗಳು ಕಲಿಸಬೇಕಾದ್ದು ಇವರಿಗೆ ರಾತ್ರಿಯಾಟದಲ್ಲಿ ಅಮ್ಮನ ಮಡಿಲಲ್ಲೇ ಬಂದಿದೆ.

ಜನಪದ ಹಾಡನ್ನು ಬ್ಯಾಂಡಿನ ಹಾಳೆಗೆ ಹೇಗೆ ಇಳಿಸಬೇಕೆಂಬುದಕ್ಕೆ ನನಗೆ ಗುರುವಾದದ್ದು ಪರ್ಸಿ ಗ್ರೇಂಜರ್. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಅವರು 1905ರ ಹೊತ್ತಿಗೆ ಇಂಗ್ಲೆಂಡಿನ ಲಿಂಕನ್‌ಶೈರಿನ ಹಳ್ಳಿಗಳಲ್ಲಿ ಮುದುಕರ ಬಾಯಿಂದ ಹಾಡು ಕೇಳಿ ಬರೆದುಕೊಂಡರು, ಫೋನೋಗ್ರಾಫಿನಲ್ಲೂ ಹಿಡಿದರು. ಮೂವತ್ತು ವರ್ಷದ ಮೇಲೆ, 1937ರಲ್ಲಿ, ಅವುಗಳಿಂದ 'ಲಿಂಕನ್‌ಶೈರ್ ಪೋಸಿ' ಎಂಬ ಆರು ಭಾಗಗಳ ಬ್ಯಾಂಡ್ ಕೃತಿ ಮಾಡಿದರು. ಹಾಡಿದ ಮುದುಕ ಎಲ್ಲಿ ಒಂದು ಮಾತ್ರೆ ನುಂಗಿದ್ದನೋ, ಎಲ್ಲಿ ಉಸಿರಿಗಾಗಿ ನಿಂತಿದ್ದನೋ, ಅದನ್ನೆಲ್ಲ ತಿದ್ದದೆ ಹಾಗೇ ಬರೆದರು. ಒಂದು ಭಾಗದಲ್ಲಿ ಕೆಲವು ಕಡೆ ತಾಳವನ್ನೇ ಕಟ್ಟದೆ ಬಿಟ್ಟರು. ನುಡಿಸುವವರು ಗೋಳಾಡಿದರು, ಗ್ರೇಂಜರ್ ಬದಲಿಸಲಿಲ್ಲ. ಒಂದೊಂದು ಭಾಗವೂ ಅದನ್ನು ಹಾಡಿದವರ ಚಿತ್ರವಾಗಬೇಕು ಎಂಬುದು ಅವರ ಹಟ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ನೆನಪಿನಲ್ಲೇ ಇಟ್ಟುಕೊಂಡು ಹಾಡಿದ ಹಾಲಕ್ಕಿ ಹಾಡುಗಳನ್ನು ಕೇಳುವಾಗೆಲ್ಲ ಗ್ರೇಂಜರ್ ನೆನಪಾಗುತ್ತಾರೆ. ಆ ತಾಯಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡಿನ ಉಸಿರಾಟವನ್ನು ನಾಲ್ಕು ಮಾತ್ರೆಯ ಪೆಟ್ಟಿಗೆಗೆ ತುರುಕಿ ಮಾರ್ಚ್ ಮಾಡಬಾರದು. ಹಾಗೆ ಮಾಡುವುದಾದರೆ ಮಾಡದೆ ಇರುವುದು ಮೇಲು.

ಬರೆಯುವವರು ಯಾರು? ಕಾರವಾರದ ಆಚೆ ಬದಿಯ ಗೋವೆಯಲ್ಲಿ ಪೋರ್ಚುಗೀಸರ ಕಾಲದ ಇಗರ್ಜಿ ಶಾಲೆಗಳು ಮಕ್ಕಳಿಗೆ ಸ್ವರಲಿಪಿ ಕಲಿಸಿದ್ದವು. ಅಲ್ಲಿಂದ ಹೊರಟವರೇ ಮುಂಬಯಿಯ ಸಿನಿಮಾ ವಾದ್ಯವೃಂದಗಳನ್ನು ಕಟ್ಟಿದರು. ಸಂಗೀತ ನಿರ್ದೇಶಕರು ಗುನುಗಿದ ಧಾಟಿಯನ್ನು ಹತ್ತಾರು ವಾದ್ಯಗಳ ಹಾಳೆಯಾಗಿ ರಾತ್ರೋರಾತ್ರಿ ಬರೆದವರು ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವೆಸ್ ಅವರಂಥವರು. ಹೊನ್ನಾವರದ ಕರಾವಳಿಯಲ್ಲೂ ಅದೇ ಬೇರಿನ ಕುಟುಂಬಗಳಿವೆ, ಇಗರ್ಜಿಯ ಗಾಯನವೃಂದದಲ್ಲಿ ಸ್ವರಲಿಪಿ ಓದಬಲ್ಲ ಹುಡುಗ ಹುಡುಗಿಯರಿದ್ದಾರೆ. ಗುಡ್ಡದ ಈಚೆ ಮಟ್ಟು ಬಲ್ಲ ಭಾಗವತರಿದ್ದಾರೆ. ಪ್ರಸಂಗದ ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ 'ಭೈರವಿ, ಝಂಪೆ' ಎಂದಷ್ಟೇ ಬರೆದಿರುತ್ತದೆ. ಉಳಿದದ್ದೆಲ್ಲ ಭಾಗವತರ ಎದೆಯಲ್ಲಿ. ಎದುರಿಗೆ ಕುಣಿಯುವವರು ಹಿರಿಯರಾದರೆ ಕಾಲವನ್ನು ಒಂದಿಷ್ಟು ಇಳಿಸಿ, ಎಳೆಯರಾದರೆ ಏರಿಸಿ, ಅವರವರ ಕಾಲಿಗೆ ಪದ್ಯ ಹೊಂದಿಸುತ್ತಾರೆ. ಬ್ಯಾಂಡ್ ಮಾಸ್ಟರು ಮಾಡಬೇಕಾದ ಆಯ್ಕೆಯೂ ಇದೇ. ಈ ಎರಡು ಬಗೆಯ ಜನರನ್ನು ಒಂದು ಜಗಲಿಯಲ್ಲಿ ಕೂರಿಸಿದರೆ ಹಾಳೆ ಹುಟ್ಟುತ್ತದೆ. ನಾನು ಕಳೆದ ವರ್ಷದಿಂದ ಮಾಡುತ್ತಿರುವುದು ಅಷ್ಟೇ.

ಕೊಳ್ಳುವ ಹಾಳೆಯ ಹಕ್ಕಿನ ಬಗ್ಗೆಯೂ ಒಂದು ಮಾತು. ನಮ್ಮ ದೇಶದ ಕಾಯಿದೆಯಲ್ಲಿ ರಚನಕಾರ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಸೂಸಾ, ಹೋಲ್ಸ್ಟ್ ಅವರ ಮೂಲ ಕೃತಿಗಳು ಎಂದೋ ಮುಕ್ತವಾಗಿವೆ. 1961ರಲ್ಲಿ ತೀರಿಕೊಂಡ ಗ್ರೇಂಜರ್ ಅವರ ಕೃತಿಗಳು ಇಲ್ಲಿ 2022ರಿಂದ ಮುಕ್ತ. ಆದರೆ ಅದೇ ಹಾಡನ್ನು ಇತ್ತೀಚೆಗೆ ಯಾರೋ ಸರಳಗೊಳಿಸಿ ಬರೆದಿದ್ದರೆ ಆ ಬರಹದ ಹಕ್ಕು ಅವರದು. ಜೆರಾಕ್ಸ್ ಮಾಡಿ ಹಂಚುವುದು ಅವರ ಅನ್ನಕ್ಕೆ ಕೈ ಹಾಕಿದಂತೆ. ಮದುವೆ ದಿಬ್ಬಣದ ಬ್ಯಾಂಡಿನವರು ಸಿನಿಮಾ ಹಾಡು ನುಡಿಸುವುದಕ್ಕೆ ಮಾತ್ರ ಕಾಯಿದೆಯೇ ವಿನಾಯಿತಿ ಕೊಟ್ಟಿದೆ.

ನಾವು ಮೊದಲು ಬರೆದದ್ದು ನಾಡಗೀತೆಯನ್ನು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಹಾಡುವ ಮಕ್ಕಳ ಜೊತೆಗೇ ಬ್ಯಾಂಡ್ ನುಡಿಸಬೇಕು, ಅವರ ದನಿಯನ್ನು ಮುಚ್ಚಬಾರದು. ಹದಿನಾಲ್ಕು ಮಕ್ಕಳ ಹೆಸರನ್ನು ಎಡಗಡೆ ಬರೆದುಕೊಂಡು, ವಾದ್ಯಕ್ಕಲ್ಲ, ಹೆಸರಿಗೆ ಸಾಲು ಬರೆಯುತ್ತ ಹೋದೆ. ಟ್ರಾಂಬೋನ್ ಹುಡುಗನಿಗೆ ತೋಳು ಎಟುಕುವ ಸ್ವರಗಳು. ಮೂರನೇ ಟ್ರಂಪೆಟ್ಟಿನವನಿಗೆ ತುಟಿ ದಣಿಯುವ ಮೊದಲು ನಾಲ್ಕು ಮಾತ್ರೆ ವಿರಾಮ. ನಡುವೆ ಒಂದು ಕಡೆ ಎಲ್ಲರನ್ನೂ ನಿಲ್ಲಿಸಿ, ಎಂಟು ಮಾತ್ರೆ ಹಾಡಿನ ಧಾಟಿಯನ್ನು ಎರಡನೇ ಕ್ಲಾರಿನೆಟ್ ಒಂದಕ್ಕೇ ಬರೆದೆ. ಆ ವಾದ್ಯದ ಕೆಳಗಿನ ಸ್ಥಾಯಿಯಲ್ಲಿ, ಮರದ ಬೆಚ್ಚನೆಯ ದನಿ ಇರುವಲ್ಲಿ.

ಹಾಳೆ ಹಂಚಿದ ದಿನ ಅವಳು ಬೆರಳಿಟ್ಟು ಸಾಲಿನ ಮೇಲೆ ಓದುತ್ತ ಹೋಗಿ ಅಲ್ಲಿ ನಿಂತಳು. ತಲೆಯೆತ್ತಿ ಒಂದನೇ ಕ್ಲಾರಿನೆಟ್ಟಿನವಳ ಹಾಳೆಯನ್ನು ಇಣುಕಿ ನೋಡಿದಳು. ಅಲ್ಲಿ ಎಂಟು ಮಾತ್ರೆ ಖಾಲಿ ಇತ್ತು. ಏನೂ ಕೇಳಲಿಲ್ಲ. ಚೀಲದಿಂದ ಇನ್ನೊಂದು ಬಟ್ಟೆ ಕ್ಲಿಪ್ಪು ತೆಗೆದು ಹಾಳೆಯ ಕೆಳಗಿನ ಮೂಲೆಗೂ ಸಿಕ್ಕಿಸಿಕೊಂಡಳು.